ಜರ್ಮನ್ ಪೌರತ್ವದಿಂದ ಓಸಿಐ ಕಾರ್ಡಿನವರೆಗೆ: ಯಾವ ಕಾಗದ ಮೊದಲು, ಯಾವುದು ಆಮೇಲೆ

ಜರ್ಮನಿಯ ಪೌರತ್ವ ಕಾಯ್ದೆ 2024ರ ಜೂನ್ 27ರಂದು ಬದಲಾಯಿತು. ಎಂಟು ವರ್ಷ ವಾಸವಿರಬೇಕೆಂಬ ಷರತ್ತು ಐದಕ್ಕಿಳಿಯಿತು. ಹಳೆಯ ಪೌರತ್ವ ಬಿಟ್ಟು ಬನ್ನಿ ಎನ್ನುವ ನಿಯಮವೂ ಹೋಯಿತು. ಅಲ್ಲಿಂದೀಚೆಗೆ ಇಲ್ಲಿ ಜರ್ಮನಿಯಲ್ಲಿರುವ ಕನ್ನಡಿಗರ ಯುಗಾದಿ, ರಾಜ್ಯೋತ್ಸವದ ಊಟದ ಸಾಲಿನಲ್ಲೂ ಇದೇ ಮಾತು. ಮಾತಿನ ಜೊತೆ ಒಂದು ಅರ್ಧಸತ್ಯವೂ ಓಡಾಡುತ್ತಿದೆ: ‘ಈಗ ಎರಡೂ ಪಾಸ್‌ಪೋರ್ಟ್ ಇಟ್ಕೋಬಹುದಂತೆ.’ ಇಟ್ಟುಕೊಳ್ಳಿ ಎಂದದ್ದು ಜರ್ಮನಿ ಮಾತ್ರ. ಭಾರತದ 1955ರ ಪೌರತ್ವ ಕಾಯ್ದೆಯ 9ನೇ ಕಲಂ ಪ್ರಕಾರ, ತಾವಾಗಿ ಇನ್ನೊಂದು ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ಆ ಗಳಿಗೆಗೇ ಮುಗಿಯುತ್ತದೆ. ಅದನ್ನು ಯಾರೂ ರದ್ದು ಮಾಡಬೇಕಿಲ್ಲ. ಕೈಯಲ್ಲಿರುವ ನೀಲಿ ಪಾಸ್‌ಪೋರ್ಟಿನ ಅವಧಿ ಇನ್ನೂ ಏಳು ವರ್ಷ ಬಾಕಿ ಇದ್ದರೂ ಅದು ಬರೀ ಪುಸ್ತಕ.

ಹೀಗಾಗಿ ಒಂದರ ಬಾಲ ಒಂದು ಹಿಡಿದ ಐದಾರು ಕೆಲಸ ಎದುರಿಗೆ ನಿಲ್ಲುತ್ತದೆ: ಜರ್ಮನ್ ಪೌರತ್ವ, ಜರ್ಮನ್ ಗುರುತಿನ ಚೀಟಿ ಮತ್ತು ಪಾಸ್‌ಪೋರ್ಟ್, ಭಾರತೀಯ ಪಾಸ್‌ಪೋರ್ಟ್ ಒಪ್ಪಿಸುವುದು, ಓಸಿಐ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ, ಜೀವನಪೂರ್ತಿ ವೀಸಾದಂಥ ಕಾರ್ಡು), ಆಮೇಲೆ ಊರಿನ ಬ್ಯಾಂಕು, ಪಹಣಿ, ಮತದಾರರ ಪಟ್ಟಿ. ಬಿಡಿಬಿಡಿಯಾಗಿ ಒಂದೊಂದೂ ಸುಲಭ. ಸರದಿ ತಪ್ಪಿದರೆ ಎಲ್ಲವೂ ಕಗ್ಗಂಟು. ಈ ದಾರಿಯಲ್ಲಿ ನಡೆದು ಬಂದವರು ಹೆಚ್ಚು ಒದ್ದಾಡಿದ್ದು ಭಾಷಾ ಪರೀಕ್ಷೆಗೋ ಹಣಕ್ಕೋ ಅಲ್ಲ, ಹೆಸರಿಗೆ. ಅದರಿಂದಲೇ ಶುರುಮಾಡಬೇಕು.

ಎಚ್. ಎನ್. ಮಂಜುನಾಥ್ ಎಂಬೊಬ್ಬರನ್ನು ಊಹಿಸಿಕೊಳ್ಳಿ. ಎಚ್ ಅಂದರೆ ಊರು, ಹೊಸಹಳ್ಳಿ. ಎನ್ ಅಂದರೆ ತಂದೆ, ನಂಜಪ್ಪ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆದದ್ದರಿಂದ ಸರ್‌ನೇಮ್ ಜಾಗದಲ್ಲಿ ‘ಹೊಸಹಳ್ಳಿ ನಂಜಪ್ಪ’, ಗಿವನ್ ನೇಮ್ ಜಾಗದಲ್ಲಿ ‘ಮಂಜುನಾಥ್’ ಕೂತಿದೆ. ಹೆಂಡತಿ ಸುಮಾ ಮಂಜುನಾಥ್, ಮಗಳು ಅನನ್ಯ ಮಂಜುನಾಥ್. ನಮಗೆ ಇದರಲ್ಲಿ ವಿಚಿತ್ರವೇನಿಲ್ಲ. ಜರ್ಮನ್ ಕಚೇರಿಗೆ ಮಾತ್ರ ಗಂಡನದು ಒಂದು ಕುಲನಾಮ, ಹೆಂಡತಿ ಮಗಳದು ಇನ್ನೊಂದು; ಅದೂ ಗಂಡನ ಮೊದಲ ಹೆಸರು. ಮಗಳ ಶಾಲೆಯಿಂದ ಬರುವ ಕಾಗದ ‘ಶ್ರೀ ನಂಜಪ್ಪ’ ಅವರಿಗೆ ಬರುತ್ತದೆ. ಊರಿನಲ್ಲಿರುವ ತಾತನಿಗೆ ಬಂದ ಹಾಗೆ. ಸರ್‌ನೇಮ್ ಜಾಗವೇ ಖಾಲಿ ಇರುವ ಪಾಸ್‌ಪೋರ್ಟಿನವರ ಪಾಡು ಇನ್ನೂ ಕಷ್ಟ. ಅವರ ಜರ್ಮನ್ ಕಾಗದಗಳಲ್ಲಿ ಇರುವ ಹೆಸರೆಲ್ಲ ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಒಂದು ಗೆರೆಯೋ ಗುರುತೋ ಉಳಿಯುತ್ತದೆ.

ಪೌರತ್ವ ಬಂದ ಮೇಲೆ ಹೆಸರಿಗೂ ಜರ್ಮನ್ ಕಾನೂನು ಅನ್ವಯಿಸುತ್ತದೆ. ಜರ್ಮನಿಯ ನಾಗರಿಕ ಸಂಹಿತೆಯ ಪ್ರವೇಶ ಕಾಯ್ದೆಯಲ್ಲಿ 47ನೇ ವಿಧಿ ಎಂಬುದಿದೆ. ವಿದೇಶಿ ಪದ್ಧತಿಯ ಹೆಸರಿದ್ದವರು ಇರುವ ಹೆಸರಿನ ತುಂಡುಗಳಲ್ಲೇ ಯಾವುದು ಮೊದಲ ಹೆಸರು, ಯಾವುದು ಕುಲನಾಮ ಎಂದು ಶ್ಟಾಂಡೆಸಾಮ್ಟ್ ಎಂಬ ಜನನ–ವಿವಾಹ ನೋಂದಣಿ ಕಚೇರಿಯ ಮುಂದೆ ಘೋಷಿಸಬಹುದು. ಜರ್ಮನ್ ಪದ್ಧತಿಯಲ್ಲಿ ಇಲ್ಲದ ತುಂಡನ್ನು ಕೈಬಿಡಬಹುದು. ಹೊಸ ಹೆಸರು ಇಟ್ಟುಕೊಳ್ಳುವ ಅವಕಾಶ ಇದು ಎಂದು ತಿಳಿಯಬೇಡಿ. ನಿಮ್ಮ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್, ಗಿವನ್ ನೇಮ್ ಎರಡೂ ತುಂಬಿದ್ದರೆ ‘ನಿಮಗೆ ಆಗಲೇ ಕುಲನಾಮ ಇದೆಯಲ್ಲ’ ಎಂದು ಅಧಿಕಾರಿ ಒಪ್ಪದೆಯೂ ಇರಬಹುದು. ಪೌರತ್ವದ ಅರ್ಜಿ ಹಾಕುವ ಮೊದಲೇ ಆ ಕಚೇರಿಯನ್ನು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ.

ನಮ್ಮ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯ ದಾರಿ, ಇನ್ನೂ ಭಾರತೀಯರಾಗಿರುವಾಗಲೇ ಭಾರತದ ದೂತಾವಾಸದ ಮೂಲಕ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ ಹೆಸರಿನ ವಿಭಾಗ ಸರಿಪಡಿಸಿಕೊಳ್ಳುವುದು. ಹಾಗೆ ಮಾಡಿದರೆ ವಾಸದ ಪರವಾನಗಿ, ನಗರ ಕಚೇರಿಯ ನೋಂದಣಿ, ಪೌರತ್ವ ಪತ್ರ, ಜರ್ಮನ್ ಪಾಸ್‌ಪೋರ್ಟ್, ಭಾರತೀಯ ಪಾಸ್‌ಪೋರ್ಟ್ ಒಪ್ಪಿಸಿದ್ದಕ್ಕೆ ಸಿಗುವ ಸರೆಂಡರ್ ಸರ್ಟಿಫಿಕೇಟ್, ಓಸಿಐ ಎಲ್ಲದರಲ್ಲೂ ಒಂದೇ ಹೆಸರು ಸಾಲಾಗಿ ಬರುತ್ತದೆ. 47ನೇ ವಿಧಿಯ ದಾರಿ ಹಿಡಿದರೆ ಸರಪಳಿ ನಡುವೆ ಒಂದು ಕೊಂಡಿ ಬದಲಾಗುತ್ತದೆ. ಆಗ ಹೆಸರು ಹೊಂದಿಸಿದ್ದಕ್ಕೆ ಶ್ಟಾಂಡೆಸಾಮ್ಟ್ ಕೊಡುವ ಪ್ರಮಾಣಪತ್ರದ ನಾಲ್ಕೈದು ದೃಢೀಕೃತ ಪ್ರತಿಗಳನ್ನು ಒಟ್ಟಿಗೇ ತೆಗೆಸಿ, ಇಂಗ್ಲಿಷ್ ಅನುವಾದ ಮಾಡಿಸಿಡಿ. ಓಸಿಐ ಅರ್ಜಿಗೊಂದು, ಬ್ಯಾಂಕಿಗೊಂದು, ಮುಂದೆ ಸಬ್‌ರಿಜಿಸ್ಟ್ರಾರ್ ಕಚೇರಿಗೊಂದು ಬೇಕೇ ಬೇಕು.

ಹೆಸರಿನ ಬೆನ್ನಿಗೇ ಬರುವುದು ಜನನ ಪ್ರಮಾಣಪತ್ರ. ಒಂದು ದೇಶದ ಕಾಗದವನ್ನು ಇನ್ನೊಂದು ದೇಶ ಒಪ್ಪಲೆಂದು ಹಾಕುವ ಸೀಲಿಗೆ ಅಪೋಸ್ಟಿಲ್ ಎನ್ನುತ್ತಾರೆ. ಅದರ ಒಪ್ಪಂದದಲ್ಲಿ ಭಾರತವಿದೆ, ಜರ್ಮನಿಯೂ ಇದೆ. ಆದರೂ ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಸಲ್ಲಿಸಿರುವುದರಿಂದ ಈ ಎರಡು ದೇಶಗಳ ನಡುವೆ ಅಪೋಸ್ಟಿಲ್ ನಡೆಯುವುದಿಲ್ಲ. ಇದನ್ನು ತಿಳಿಯದೆ ಏಜೆಂಟರಿಗೆ ದುಡ್ಡು ಕೊಟ್ಟು ಸೀಲು ಹಾಕಿಸಿ ತಂದವರು ಬಹಳ. ಕಚೇರಿಗೆ ಕಾಗದದ ಮೇಲೆ ಸಂಶಯ ಬಂದರೆ ಅದು ಭಾರತದಲ್ಲಿರುವ ಜರ್ಮನ್ ದೂತಾವಾಸಕ್ಕೆ ಹೋಗುತ್ತದೆ. ಅವರು ನೇಮಿಸಿದ ವಕೀಲರು ಪಂಚಾಯಿತಿ ಅಥವಾ ಪುರಸಭೆಗೆ ಹೋಗಿ ಮೂಲ ರಿಜಿಸ್ಟರ್ ನೋಡಿ ಬರುತ್ತಾರೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಖರ್ಚು ನಿಮ್ಮದೇ. ಸಂಶಯ ಬರುವ ಜಾಗಗಳು ಹೆಚ್ಚುಕಡಿಮೆ ಇವೇ: ಹಳೆಯ ರಿಜಿಸ್ಟರಿನಲ್ಲಿ ಮಗುವಿನ ಹೆಸರೇ ಇಲ್ಲದೆ ಬರೀ ‘ಗಂಡು’ ಅಥವಾ ‘ಹೆಣ್ಣು’ ಎಂದಿರುವುದು, ಹುಟ್ಟಿ ದಶಕಗಳ ಮೇಲೆ ಮಾಡಿಸಿದ ತಡ ನೋಂದಣಿ, ತಾಯಿಯ ಹೆಸರಿನ ಕಾಗುಣಿತ. ಇನ್ನೊಂದು, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜನ್ಮದಿನ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜೂನ್ 1, ಆಸ್ಪತ್ರೆಯ ದಾಖಲೆಯಲ್ಲಿ ಸೆಪ್ಟೆಂಬರ್ ಎಂದಿದ್ದರೆ ಜರ್ಮನ್ ಅಧಿಕಾರಿಗೆ ಅದು ಇಬ್ಬರು ವ್ಯಕ್ತಿಗಳು. ಹೆಸರು ಸೇರ್ಪಡೆ, ತಿದ್ದುಪಡಿ ಏನಿದ್ದರೂ ಊರಿಗೆ ಹೋದಾಗ ಮೊದಲೇ ಮುಗಿಸಿಕೊಳ್ಳಿ. ಕರ್ನಾಟಕದ ಇ-ಜನ್ಮ ಪ್ರಮಾಣಪತ್ರದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುವುದರಿಂದ ಜರ್ಮನಿಯಲ್ಲಿ ಪ್ರಮಾಣೀಕೃತ ಅನುವಾದಕರು ಸುಲಭವಾಗಿ ಸಿಗುತ್ತಾರೆ. ಬರೀ ಕನ್ನಡದ ಹಳೆಯ ಪ್ರತಿಗೆ ಸಿಗುವುದು ಕಷ್ಟ.

ಪೌರತ್ವದ ಅರ್ಜಿ ಇದಕ್ಕೆ ಹೋಲಿಸಿದರೆ ಸರಳ. ಐದು ವರ್ಷದ ಕಾನೂನುಬದ್ಧ ವಾಸ, ಬಿ1 ಮಟ್ಟದ (ದಿನನಿತ್ಯದ ಮಾತುಕತೆಗೆ ಸಾಕಾಗುವಷ್ಟು) ಜರ್ಮನ್, ಪೌರತ್ವ ಪರೀಕ್ಷೆ, ಸರ್ಕಾರದ ಜೀವನಾಧಾರ ನೆರವಿಲ್ಲದೆ ಬದುಕುವಷ್ಟು ಸಂಪಾದನೆ, ಸಂವಿಧಾನಕ್ಕೆ ನಿಷ್ಠೆಯ ಘೋಷಣೆ. ಚೆನ್ನಾಗಿ ಬೆರೆತವರಿಗೆ ಮೂರೇ ವರ್ಷ ಎಂಬ ರಿಯಾಯಿತಿ 2025ರ ಅಕ್ಟೋಬರ್‌ನಲ್ಲಿ ರದ್ದಾಗಿದೆ. ಹಳೆಯ ವಿಡಿಯೊ ನೋಡಿ ಲೆಕ್ಕ ಹಾಕಬೇಡಿ. ಓದಲು ಬಂದ ವರ್ಷಗಳೂ ವಾಸದ ಲೆಕ್ಕಕ್ಕೆ ಬರುತ್ತವೆ, ಆದರೆ ಅರ್ಜಿ ಹಾಕುವಾಗ ಕೈಯಲ್ಲಿ ವಿದ್ಯಾರ್ಥಿ ಪರವಾನಗಿ ಇರಬಾರದು. ಉನ್ನತ ಶಿಕ್ಷಣ ಪಡೆದ ನೌಕರರಿಗೆ ಕೊಡುವ ಬ್ಲೂ ಕಾರ್ಡ್ ಎಂಬ ವಾಸದ ಪರವಾನಗಿ ಇದ್ದರೆ ಸಾಕು. ಶುಲ್ಕ ದೊಡ್ಡವರಿಗೆ 255 ಯೂರೊ, ತಂದೆ ತಾಯಿಯ ಜೊತೆ ಸೇರುವ, ಸ್ವಂತ ಆದಾಯವಿಲ್ಲದ ಮಕ್ಕಳಿಗೆ 51 ಯೂರೊ.

ಪರೀಕ್ಷೆಯಲ್ಲಿ 33 ಪ್ರಶ್ನೆ, 60 ನಿಮಿಷ, 17 ಸರಿಯಾದರೆ ಪಾಸು, ಶುಲ್ಕ 25 ಯೂರೊ. ಇಡೀ ದೇಶಕ್ಕೆ ಸಂಬಂಧಿಸಿದ 300 ಪ್ರಶ್ನೆ, ನೀವಿರುವ ರಾಜ್ಯದ 10 ಪ್ರಶ್ನೆ ಮೊದಲೇ ಪ್ರಕಟವಾಗಿರುತ್ತವೆ, ಬರುವುದು ಅವುಗಳಲ್ಲೇ. ನಮ್ಮ ಪಿಯುಸಿ ಗೈಡು ಓದಿ ಬಂದವರಿಗೆ ಇದು ಲೆಕ್ಕಕ್ಕಿಲ್ಲ. ತಡವಾಗುವುದು ಬೇರೆ ಕಡೆ. ಪರೀಕ್ಷೆ ನಡೆಸುವ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರಗಳಲ್ಲಿ ಸೀಟು ತಿಂಗಳುಗಳ ಮುಂಚೆಯೇ ತುಂಬುತ್ತವೆ, ಫಲಿತಾಂಶಕ್ಕೆ ಮತ್ತೆ ಹಲವು ವಾರ. ಉಳಿದ ಕಾಗದ ಹೊಂದಿಸುವ ಮೊದಲೇ ಪರೀಕ್ಷೆಗೆ ಹೆಸರು ಕೊಟ್ಟುಬಿಡಿ.

ಅರ್ಜಿ ಹಾಕಿದ ಮೇಲಿನ ಕಾಯುವಿಕೆ ಊರೂರಿಗೆ ಬೇರೆ. ಬರ್ಲಿನ್ 2024ರ ಜನವರಿಯಿಂದ ಎಲ್ಲವನ್ನೂ ಒಂದೇ ವಲಸೆ ಕಚೇರಿಗೆ ತಂದು ಅರ್ಜಿಯನ್ನು ಆನ್‌ಲೈನ್ ಮಾಡಿತು. ಬೇರೆ ನಗರಗಳಲ್ಲಿ ಒಂದು, ಎರಡು ವರ್ಷ ಕಾಯುವವರೂ ಇದ್ದಾರೆ. ಈ ಅವಧಿಯಲ್ಲಿ ಕೆಲಸ ಬದಲಿಸಿದರೆ ಹೊಸ ಕರಾರು, ಸಂಬಳದ ಚೀಟಿ ಕೂಡಲೇ ಕಳಿಸಬೇಕು, ಮತ್ತು ಆರು ತಿಂಗಳ ಪ್ರೊಬೇಶನ್ ಮುಗಿಯುವವರೆಗೆ ಕೆಲವು ಕಚೇರಿಗಳು ಕಡತ ಮುಟ್ಟುವುದಿಲ್ಲ. ತಂದೆ ತಾಯಿಯನ್ನು ನೋಡಿಕೊಳ್ಳಲೆಂದು ಊರಿಗೆ ಹೋಗಿ ಒಂದೇ ಸಮನೆ ಆರು ತಿಂಗಳು ದಾಟಿಸಿದರೆ ವಾಸದ ನಿರಂತರತೆಯೇ ಕಡಿಯುವ ಅಪಾಯ. ಕಾರಣವಿಲ್ಲದೆ ಮೂರು ತಿಂಗಳಲ್ಲಿ ತೀರ್ಮಾನ ಬಾರದಿದ್ದರೆ ಆಡಳಿತ ನ್ಯಾಯಾಲಯದಲ್ಲಿ ‘ಸುಮ್ಮನಿದ್ದದ್ದರ ವಿರುದ್ಧ’ ದಾವೆ ಹೂಡಬಹುದು. ಅಧಿಕಾರಿಯ ಮೇಲೆ ಕೇಸು ಹಾಕುವುದು ನಮಗೆ ಜಗಳದ ಹಾಗೆ ಕಾಣುತ್ತದೆ. ಇಲ್ಲಿ ಅದು ಜ್ಞಾಪನಪತ್ರದ ಇನ್ನೊಂದು ಬಗೆ, ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೂ ಮೊದಲು ಒಂದು ಪತ್ರ ಬರೆದು ಗಡುವು ಕೊಡುವುದು ಮರ್ಯಾದೆ.

ಅಂಚೆಯ ಬಗ್ಗೆ ಎಚ್ಚರ. ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಮನೆ ನಂಬರು ಸಾಮಾನ್ಯವಾಗಿ ಇರುವುದಿಲ್ಲ. ಪತ್ರ ತಲುಪುವುದು ಬೆಲ್ ಮತ್ತು ಅಂಚೆಪೆಟ್ಟಿಗೆಯ ಮೇಲಿನ ಹೆಸರಿನಿಂದ. ಪೆಟ್ಟಿಗೆಯ ಮೇಲೆ ‘ಮಂಜುನಾಥ್’, ಲಕೋಟೆಯ ಮೇಲೆ ‘ಹೊಸಹಳ್ಳಿ ನಂಜಪ್ಪ’ ಎಂದಿದ್ದರೆ ಪತ್ರ ವಾಪಸು ಹೋಗುತ್ತದೆ. ಎರಡೂ ಹೆಸರು ಬರೆಸಿಡಿ. ಕಚೇರಿಯ ಅಧಿಕೃತ ಪತ್ರವಿರುವ ಹಳದಿ ಲಕೋಟೆ ಬಂದರೆ ಅದರ ಮೇಲೆ ಅಂಚೆಯವರು ಬರೆದ ತಾರೀಖಿನಿಂದಲೇ ಗಡುವು ಎಣಿಸುತ್ತಾರೆ, ಲಕೋಟೆಯನ್ನು ಎಸೆಯಬೇಡಿ.

ಇನ್ನು ಎಲ್ಲಕ್ಕಿಂತ ನಾಜೂಕಾದ ಘಟ್ಟ. ಪೌರತ್ವ ಸಿಗುವುದು ಮಂಜೂರಾತಿ ಪತ್ರ ಬಂದಾಗಲ್ಲ, ಸಂವಿಧಾನವನ್ನೂ ಕಾನೂನನ್ನೂ ಗೌರವಿಸುತ್ತೇನೆ ಎಂದು ಬಾಯಿಬಿಟ್ಟು ಹೇಳಿ ಪೌರತ್ವ ಪತ್ರ ಕೈಗೆ ತೆಗೆದುಕೊಂಡಾಗ. ಆ ಕ್ಷಣಕ್ಕೆ ವಾಸದ ಪರವಾನಗಿ ಮುಗಿಯುತ್ತದೆ, ಕಾರ್ಡನ್ನು ವಾಪಸು ಪಡೆಯುತ್ತಾರೆ. ಭಾರತೀಯ ಪಾಸ್‌ಪೋರ್ಟ್ ಸತ್ತಿದೆ, ಜರ್ಮನ್ ಪಾಸ್‌ಪೋರ್ಟ್ ಇನ್ನೂ ಹುಟ್ಟಿಲ್ಲ. ವಿಮಾನ ಹತ್ತುವಂತಿಲ್ಲ. ಅಮ್ಮನ ಆಪರೇಶನ್ನು, ತಂಗಿಯ ಮದುವೆ ಇದ್ದರೆ ಪತ್ರ ಕೈಗೆ ಬರುವ ಮೊದಲೇ ಹೋಗಿ ಬನ್ನಿ. ಬೇಕಾದರೆ ಅಪಾಯಿಂಟ್‌ಮೆಂಟನ್ನೇ ಮುಂದಕ್ಕೆ ಹಾಕಿಸಿಕೊಳ್ಳಿ. ಪತ್ರ ಸಿಕ್ಕ ದಿನದಿಂದ ಓಸಿಐ ಕೈಗೆ ಬರುವವರೆಗೆ ಮೂರು ನಾಲ್ಕು ತಿಂಗಳು ಊರಿನ ಪ್ರಯಾಣ ಇಲ್ಲವೆಂದೇ ಇಟ್ಟುಕೊಳ್ಳಬೇಕು.

ಆ ತಿಂಗಳುಗಳನ್ನು ಕಡಿಮೆ ಮಾಡುವುದು ಸಾಧ್ಯ. ಪತ್ರ ಪಡೆಯುವ ದಿನ ಗೊತ್ತಾದ ತಕ್ಷಣ ಅದರ ಮರುದಿನಕ್ಕೋ ಆ ವಾರಕ್ಕೋ ನಗರ ಕಚೇರಿಯಲ್ಲಿ ಗುರುತಿನ ಚೀಟಿ, ಪಾಸ್‌ಪೋರ್ಟ್ ಎರಡಕ್ಕೂ ಸಮಯ ಗೊತ್ತುಮಾಡಿಕೊಳ್ಳಿ. 2025ರ ಮೇ ತಿಂಗಳಿನಿಂದ ಕಾಗದದ ಫೋಟೊ ನಡೆಯುವುದಿಲ್ಲ, ಡಿಜಿಟಲ್ ಫೋಟೊ ಮಾತ್ರ. ಪಾಸ್‌ಪೋರ್ಟ್ ಬರಲು ಕೆಲವು ವಾರ ಬೇಕು. 32 ಯೂರೊ ಹೆಚ್ಚು ಕೊಟ್ಟರೆ ಎಕ್ಸ್‌ಪ್ರೆಸ್ ಇದೆ, ಇಲ್ಲಿ ಆ ದುಡ್ಡು ದಂಡವಲ್ಲ.

ಜರ್ಮನ್ ಪಾಸ್‌ಪೋರ್ಟ್ ಬಂದ ಮೇಲೆ ಭಾರತೀಯ ಪಾಸ್‌ಪೋರ್ಟ್ ಒಪ್ಪಿಸುವ ಅರ್ಜಿ. ನೀವಿರುವ ರಾಜ್ಯದ ಮೇಲೆ ಬರ್ಲಿನ್‌ನ ರಾಯಭಾರ ಕಚೇರಿ ಅಥವಾ ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ನ ಕಾನ್ಸುಲೇಟ್. ಮೂಲ ಪಾಸ್‌ಪೋರ್ಟ್, ಪೌರತ್ವ ಪತ್ರದ ಪ್ರತಿ, ಜರ್ಮನ್ ಪಾಸ್‌ಪೋರ್ಟಿನ ಪ್ರತಿ, ವಿಳಾಸದ ದಾಖಲೆ ಬೇಕು. ಜೆರಾಕ್ಸ್ ಪ್ರತಿ ಪುಟಕ್ಕೂ ಸಹಿ ಹಾಕಿ. ಜರ್ಮನ್ ಕಚೇರಿಗೆ ನೋಂದಣಿಯ ತಾರೀಖು ಮುಖ್ಯ, ನಮ್ಮ ಕಚೇರಿಗೆ ಸೆಲ್ಫ್ ಅಟೆಸ್ಟೇಶನ್ ಮುಖ್ಯ. ಹಳೆಯ ಪಾಸ್‌ಪೋರ್ಟಿಗೆ ರದ್ದು ಮುದ್ರೆ ಬೀಳುತ್ತದೆ, ಜೊತೆಗೆ ಸರೆಂಡರ್ ಸರ್ಟಿಫಿಕೇಟ್ ಸಿಗುತ್ತದೆ. ಎರಡನ್ನೂ ಕೊನೆಯವರೆಗೆ ಜೋಪಾನ ಮಾಡಬೇಕು. ವಿದೇಶಿ ಪೌರತ್ವ ಬಂದ ಮೇಲೂ ಹಳೆಯ ಪಾಸ್‌ಪೋರ್ಟಿನಲ್ಲಿ ಓಡಾಡಿದ್ದು ಗೊತ್ತಾದರೆ ದಂಡ ಬೀಳುತ್ತದೆ. ಪುಟಗಳ ಮೇಲಿನ ಮುದ್ರೆಗಳೇ ಸಾಕ್ಷಿ.

ಓಸಿಐ ಅರ್ಜಿ ಆನ್‌ಲೈನ್. ಹೊಸ ಕಾರ್ಡಿಗೆ ಶುಲ್ಕ 275 ಅಮೆರಿಕನ್ ಡಾಲರ್, ಅದಕ್ಕೆ ಸಮನಾದ ಯೂರೊ ಕಟ್ಟಬೇಕು. ವಾಪಸು ಬರುವ ಅರ್ಜಿಗಳಲ್ಲಿ ಹೆಚ್ಚಿನವು ಸಣ್ಣ ಕಾರಣಕ್ಕೆ ಬರುತ್ತವೆ. ಫೋಟೊ ಚೌಕವಾಗಿರಬೇಕು, 51 ಮಿಲಿಮೀಟರ್. ಜರ್ಮನ್ ಪಾಸ್‌ಪೋರ್ಟಿಗೆ ತೆಗೆಸಿದ ಉದ್ದನೆಯ ಫೋಟೊ ನಡೆಯುವುದಿಲ್ಲ. ಹಿನ್ನೆಲೆ ತಿಳಿಬಣ್ಣ, ಅಚ್ಚ ಬಿಳಿ ಬೇಡ. ಸಹಿಯ ಚಿತ್ರದ ಅಗಲ ಎತ್ತರದ ಮೂರು ಪಟ್ಟು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ. ಹೆಸರು ಜರ್ಮನ್ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ. ಸರೆಂಡರ್ ಸರ್ಟಿಫಿಕೇಟಿನ ಹೆಸರು ಬೇರೆಯಿದ್ದರೆ ಮೊದಲೇ ತೆಗೆಸಿಟ್ಟ ಶ್ಟಾಂಡೆಸಾಮ್ಟ್ ಪ್ರತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಚಿಕ್ಕ ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರ ಸಹಿ ಬೇಕು. ಕಾರ್ಡು ಬರುವ ಮೊದಲೇ ಹೊರಡಲೇಬೇಕಾದರೆ ಉಳಿದ ವಿದೇಶಿಯರ ಹಾಗೆ ವೀಸಾ ತೆಗೆದುಕೊಂಡು ಹೋಗಬೇಕು. ಆ ಅರ್ಜಿ ಹಿಂದಿನ ಪೌರತ್ವವನ್ನೂ ಕೇಳುತ್ತದೆ, ಮುಚ್ಚಿಡಬೇಡಿ.

ಊರಿನ ವ್ಯವಹಾರದಲ್ಲಿ ಏನೇನು ಬದಲಾಗುತ್ತದೆ? ಬ್ಯಾಂಕಿನದು ನಿಜಕ್ಕೂ ಹಳೆಯ ಬಾಕಿ. ಊರು ಬಿಟ್ಟು ಕೆಲಸಕ್ಕೆ ಬಂದಾಗಲೇ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳು ಭಾರತದಲ್ಲಿನ ಆದಾಯ ಇಟ್ಟುಕೊಳ್ಳುವ ಖಾತೆ) ಮಾಡಿಸಬೇಕಿತ್ತು. ಮಾಡಿಸದವರು ಈಗಲಾದರೂ ಮಾಡಿಸಿ. ಎನ್‌ಆರ್‌ಒ ಬಡ್ಡಿಗೆ ಬ್ಯಾಂಕು ಶೇ 30ರಷ್ಟು ತೆರಿಗೆ, ಅದರ ಮೇಲೆ ಸೆಸ್ ಹಿಡಿಯುತ್ತದೆ. ಭಾರತ–ಜರ್ಮನಿ ತೆರಿಗೆ ಒಪ್ಪಂದದಲ್ಲಿ ಬಡ್ಡಿಗೆ ಮಿತಿ ಶೇ 10. ಜರ್ಮನ್ ತೆರಿಗೆ ಕಚೇರಿಯಿಂದ ವಾಸ ಪ್ರಮಾಣಪತ್ರ ತಂದುಕೊಟ್ಟರೆ ಇಳಿಸುತ್ತಾರೆ. ಹೊರದೇಶದ ಸಂಪಾದನೆ ಇಡುವ ಎನ್‌ಆರ್‌ಇ ಖಾತೆಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಹಾಗಾಗಿ ಎಲ್ಲೂ ಇಲ್ಲ ಎಂದು ಬಹಳ ಜನ ನಂಬಿದ್ದಾರೆ. ಜರ್ಮನಿ ತನ್ನಲ್ಲಿ ವಾಸವಿರುವವರ ಜಗತ್ತಿನ ಆದಾಯಕ್ಕೆಲ್ಲ ತೆರಿಗೆ ಹಾಕುತ್ತದೆ. ಬಡ್ಡಿ, ಲಾಭಾಂಶ ಸೇರಿ ತಲೆಗೆ ವರ್ಷಕ್ಕೆ 1,000 ಯೂರೊ ಮಾತ್ರ ವಿನಾಯಿತಿ. ಎರಡೂ ದೇಶಗಳು ಖಾತೆಗಳ ಮಾಹಿತಿಯನ್ನು ತಾವಾಗಿಯೇ ವಿನಿಮಯ ಮಾಡಿಕೊಳ್ಳುತ್ತವೆ.

ಜಮೀನಿನ ವಿಷಯದಲ್ಲಿ ಅಪ್ಪಂದಿರಿಗೂ ಇದನ್ನು ಬಿಡಿಸಿ ಹೇಳಬೇಕು. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದೆಂದು ಮಾಡಿತು. ಹೊರದೇಶದಲ್ಲಿರುವವರಿಗೆ ಅದು ಅನ್ವಯಿಸುವುದಿಲ್ಲ, ಏಕೆಂದರೆ ತಡೆ ಇರುವುದು ಕೇಂದ್ರದ ವಿದೇಶಿ ವಿನಿಮಯ ಕಾನೂನಿನಲ್ಲಿ. ಎನ್‌ಆರ್‌ಐ ಆಗಲಿ ಓಸಿಐ ಆಗಲಿ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪ ಪ್ರೀತಿಯಿಂದ ದಾನಪತ್ರ ಮಾಡಿಕೊಟ್ಟರೂ ಪಡೆಯುವಂತಿಲ್ಲ. ಉತ್ತರಾಧಿಕಾರದಿಂದ ಬಂದರೆ ಮಾತ್ರ ಸರಿ. ಅಂದರೆ ಉಯಿಲು ಅಥವಾ ಪೌತಿ ಖಾತೆ. ಮುಂದೆ ಮಾರುವುದಾದರೆ ಭಾರತದಲ್ಲೇ ವಾಸವಿರುವವರಿಗೆ ಮಾತ್ರ ಮಾರಬಹುದು. ಪೌತಿ ಖಾತೆಗೆ ನಾಡಕಚೇರಿಯ ವಂಶವೃಕ್ಷ ಬೇಕು. ಅದರಲ್ಲಿ ‘ಮಂಜುನಾಥ ಬಿನ್ ನಂಜಪ್ಪ’ ಎಂದಿರುತ್ತದೆ, ಕೈಯಲ್ಲಿರುವ ಪಾಸ್‌ಪೋರ್ಟಿನಲ್ಲಿ ಬೇರೇನೋ. ಇಬ್ಬರೂ ಒಬ್ಬರೇ ಎನ್ನುವ ಅಫಿಡವಿಟ್ ಮತ್ತು ರದ್ದಾದ ಹಳೆಯ ಪಾಸ್‌ಪೋರ್ಟ್ ಜೊತೆಗಿರಲಿ. ಅಣ್ಣತಮ್ಮಂದಿರಿಗೆ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಕೊಡುವುದಾದರೆ ಭಾರತೀಯ ಕಾನ್ಸುಲೇಟಿನಲ್ಲಿ ಖುದ್ದಾಗಿ ಸಹಿ ಮಾಡಿ ದೃಢೀಕರಿಸುವುದೇ ನೇರ ದಾರಿ. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಗಡುವು ಮೀರಿ ಬೀರುವಿನಲ್ಲಿ ಕೂತ ಜಿಪಿಎಗಳೇ ಹೆಚ್ಚು.

ಮತದಾರರ ಪಟ್ಟಿಯಿಂದ ಹೆಸರು ತೆಗೆಸಲು ನಮೂನೆ 7. ಓಸಿಐ ಇದ್ದವರಿಗೆ ಮತವಿಲ್ಲ, ಸರ್ಕಾರಿ ನೌಕರಿಯಿಲ್ಲ. ಸಂಶೋಧನೆ, ಪತ್ರಿಕಾ ಕೆಲಸ, ಪರ್ವತಾರೋಹಣಕ್ಕೆ 2021ರ ಅಧಿಸೂಚನೆಯಂತೆ ಮುಂಚಿತ ಅನುಮತಿ ಬೇಕು. ಹೊಸದಾಗಿ ಆಧಾರ್ ಮಾಡಿಸಬೇಕಾದರೆ ಹಿಂದಿನ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ಇದ್ದಿರಬೇಕು.

ಓಸಿಐ ಜೀವನಪೂರ್ತಿ ಇರುತ್ತದೆ, ಆದರೆ ಪಾಸ್‌ಪೋರ್ಟ್ ಬದಲಾಗುತ್ತಿರುತ್ತದೆ. ಜರ್ಮನ್ ಪಾಸ್‌ಪೋರ್ಟಿನ ಅವಧಿ 24 ದಾಟಿದವರಿಗೆ 10 ವರ್ಷ, ಅದಕ್ಕಿಂತ ಚಿಕ್ಕವರಿಗೆ 6 ವರ್ಷ. ಮಕ್ಕಳಿಗೆ 20 ತುಂಬುವವರೆಗೆ ಪ್ರತಿ ಹೊಸ ಪಾಸ್‌ಪೋರ್ಟ್ ಬಂದಾಗಲೂ ಅದರ ಪ್ರತಿ ಮತ್ತು ಹೊಸ ಫೋಟೊವನ್ನು ಮೂರು ತಿಂಗಳೊಳಗೆ ಓಸಿಐ ತಾಣಕ್ಕೆ ಏರಿಸಬೇಕು. 20 ದಾಟಿದ ಮೇಲೆ ಬರುವ ಪಾಸ್‌ಪೋರ್ಟಿಗೆ ಒಮ್ಮೆ ಕಾರ್ಡನ್ನೇ ಮರುಮುದ್ರಣ ಮಾಡಿಸಬೇಕು. ದೊಡ್ಡವರಾದ ಮೇಲೆ ಕಾರ್ಡು ಪಡೆದವರಿಗೆ ಮರುಮುದ್ರಣ ಬೇಕಿಲ್ಲ, 50 ತುಂಬಿದ ಮೇಲೆ ಬರುವ ಪಾಸ್‌ಪೋರ್ಟಿಗೆ ಒಂದು ಸಲ ವಿವರ ಏರಿಸಿದರೆ ಆಯಿತು. ಅದಕ್ಕೆ ಶುಲ್ಕವಿಲ್ಲ.